ಹಸಿರು ಮೇಜಿನ ಮೇಲೊಂದು ಜೀವನ



ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಲಬುರಗಿಯಿಂದ ದೂರವಾಣಿ ಮಾಡಿದ್ದ. ಕ್ಷೇಮಸಮಾಚಾರ ಮುಗಿದ ಮೇಲೆ ಸ್ವಲ್ಪ ಹೊತ್ತು ತಡವರಿಸಿ, "ಸರ್, ಹುಡುಗ ಕಾಲೇಜು ಮುಗಿಸಿ ನೇರ ಸ್ನೂಕರ್ ಆಡೋ ಜಾಗಕ್ಕೆ ಹೋಗ್ತಾನ್ರಿ. ರಾತ್ರಿ ಒಂಬತ್ತಾದರೂ ಮನಿಗೆ ಬರಂಗಿಲ್ಲ. ಆಟದಾಗೇ ಜೀವನ ಮಾಡ್ತೀನಿ ಅಂತಾನ. ಬಿಡಿಸಲೋ, ಬಿಡಲೋ?" ಎಂದು ಕೇಳಿದ. ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸುವ ಪ್ರಶ್ನೆ ಇದಲ್ಲವೆಂದು ನನಗನಿಸಿತು. "ಬರೆದು ತಿಳಿಸುತ್ತೇನೆ, ನಿನ್ನಂಥ ತಂದೆಯರು ಇನ್ನೂ ಹಲವರಿರಬಹುದು" ಎಂದೆ. ಇತಿಹಾಸದ ಮಾಸ್ತರನನ್ನು ಕೇಳಿದರೆ ಉತ್ತರ ನೂರೈವತ್ತು ವರ್ಷ ಹಿಂದಿನಿಂದ ಆರಂಭವಾಗುವುದು ಅನಿವಾರ್ಯ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹೊಸದೇನೂ ಅಲ್ಲ.

ಗುರಿ ಎಂಬ ಮಾತು ಸುರಪುರದವರಿಗೆ ಅಪರಿಚಿತವಲ್ಲ. 1705ರಲ್ಲಿ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ ತಾನೇ ಬಂದು ವಾಗಿನಗೇರಿಯನ್ನು ಮುತ್ತಿದಾಗ ಅವನ ಮಹಾಸೈನ್ಯವನ್ನು ಗುಡ್ಡದ ಕೆಳಗೇ ನಿಲ್ಲಿಸಿದ್ದು ಬೇಡರ ಬಂದೂಕಿನ ಗುರಿ. ಆ ಗುರಿ ಅನ್ನ ಕೊಡುತ್ತಿತ್ತು, ಸಂಸ್ಥಾನವನ್ನೂ ಕಾಯುತ್ತಿತ್ತು. ಇಂದು ನಾನು ಹೇಳಹೊರಟಿರುವ ಗುರಿ ಬೇರೆಯದು. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಚೆಂಡಿನಿಂದ ಚೆಂಡಿಗೆ ಹೊಡೆಯುವ ಈ ಗುರಿ ಯಾರಿಗೂ ಅಪಾಯಕಾರಿಯಲ್ಲ. ಬಹಳ ಕಾಲ ಯಾರಿಗೂ ಅನ್ನವನ್ನೂ ಕೊಡುತ್ತಿರಲಿಲ್ಲ. ಅದನ್ನೇ ನಂಬಿ ಬೆಂಗಳೂರಿನಲ್ಲಿ ಕುಳಿತು 28 ವಿಶ್ವಪ್ರಶಸ್ತಿಗಳನ್ನು ಗಳಿಸಿದ ಪಂಕಜ್ ಅಡ್ವಾಣಿಯವರ ವೃತ್ತಿಜೀವನವೇ ಈ ಬರಹದ ವಸ್ತು.

ಮೊದಲು ಆಟದ ಪರಿಚಯ. ನಮ್ಮೂರ ಓಣಿಗಳಲ್ಲಿ ಕೇರಂ ಆಡದವರು ಕಡಿಮೆ. ಆ ಹಲಗೆಯನ್ನು ಹನ್ನೆರಡು ಅಡಿ ಉದ್ದ, ಆರಡಿ ಅಗಲಕ್ಕೆ ಹಿಗ್ಗಿಸಿರಿ. ನಾಲ್ಕು ತೂತುಗಳ ಬದಲಿಗೆ ಆರು ಕಿಸೆಗಳಿರಲಿ. ಬೆರಳಿನ ಬದಲಿಗೆ ಒಂದು ನೀಳವಾದ ಕೋಲು. ಸ್ಟ್ರೈಕರಿನ ಬದಲಿಗೆ ಒಂದು ಬಿಳಿಯ ಚೆಂಡು. ಸ್ನೂಕರಿನಲ್ಲಿ 15 ಕೆಂಪು ಚೆಂಡುಗಳೂ 6 ಬೇರೆ ಬಣ್ಣದ ಚೆಂಡುಗಳೂ ಇರುತ್ತವೆ. ಒಂದು ಕೆಂಪು, ಬಳಿಕ ಒಂದು ಬಣ್ಣ, ಮತ್ತೆ ಕೆಂಪು ಎಂದು ಕಿಸೆಗೆ ಹಾಕುತ್ತ ಹೋಗಬೇಕು. ಬಿಲಿಯರ್ಡ್ಸ್ ಇದಕ್ಕಿಂತ ಹಳೆಯದು. ಅದರಲ್ಲಿ ಚೆಂಡುಗಳು ಮೂರೇ ಮೂರು. ಕಿಸೆಗೆ ಹಾಕಿದರೂ ಅಂಕ, ತನ್ನ ಚೆಂಡನ್ನು ಇನ್ನೊಂದಕ್ಕೆ ತಾಗಿಸಿ ತಾನೇ ಕಿಸೆಗೆ ಬಿದ್ದರೂ ಅಂಕ, ಒಂದೇ ಹೊಡೆತದಲ್ಲಿ ಉಳಿದೆರಡಕ್ಕೂ ತಾಗಿದರೂ ಅಂಕ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಮೇಜು, ಒಂದೇ ಕೋಲು. ಒಳಹೊಕ್ಕವನಿಗೆ ಗೊತ್ತು, ಅವು ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತದಷ್ಟು ಬೇರೆ ಬೇರೆ. ಸ್ವರಗಳು ಏಳೇ, ನಡೆ ಮಾತ್ರ ಬೇರೆ.

ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಎಂದು ಬಹುಜನರು ತಿಳಿದಿದ್ದಾರೆ. ಅದು ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರ ಮಳೆಗಾಲದಲ್ಲಿ, ಜಬಲ್‌ಪುರದ ಸೈನ್ಯಾಧಿಕಾರಿಗಳ ಭೋಜನಶಾಲೆಯಲ್ಲಿ. ನೆವಿಲ್ ಚೇಂಬರ್‌ಲೇನ್ ಎಂಬ ಕಿರಿಯ ಅಧಿಕಾರಿ, ಮಳೆಯಿಂದಾಗಿ ಹೊರಗೆ ಹೋಗಲಾರದೆ, ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟವೊಂದನ್ನು ಹೆಣೆದ. ಸೈನಿಕ ಶಾಲೆಗೆ ಹೊಸದಾಗಿ ಸೇರಿದ ಹುಡುಗರನ್ನು ಅಣಕಿಸಲು ಬಳಸುತ್ತಿದ್ದ 'ಸ್ನೂಕರ್' ಎಂಬ ಪದವೇ ಅದರ ಹೆಸರಾಯಿತು. ನಿಯಮಗಳು ಒಪ್ಪವಾದದ್ದು 1880ರ ದಶಕದಲ್ಲಿ, ಮೈಸೂರಿನಿಂದ ಒಂದು ಹಗಲಿನ ಹಾದಿಯ ಊಟಿಯ ಕ್ಲಬ್ಬಿನಲ್ಲಿ. (ಪ್ರಧಾನಿಯಾಗಿದ್ದ ಚೇಂಬರ್‌ಲೇನ್ ಬೇರೆ, ಈತ ಬೇರೆ. ಪರೀಕ್ಷೆಯಲ್ಲಿ ಇಬ್ಬರನ್ನೂ ಒಂದು ಮಾಡುವವರಿಗೆ ಇದನ್ನು ಹೇಳಲೇಬೇಕು.) ಈ ಆಟಗಳು ಬೆಳೆದದ್ದು ಇಂತಹ ಕ್ಲಬ್ಬುಗಳಲ್ಲಿ. ಹಲವು ಕ್ಲಬ್ಬುಗಳಲ್ಲಿ ಭಾರತೀಯರಿಗೆ ಪ್ರವೇಶವಿದ್ದದ್ದು ತಟ್ಟೆ ಹಿಡಿದು ನಿಲ್ಲುವುದಕ್ಕೆ ಮಾತ್ರ.

ಈಗ ಇಂಗ್ಲೆಂಡಿನ ಕಡೆಗೆ ಸ್ವಲ್ಪ ಹೋಗಿಬರಬೇಕು. ಏಕೆಂದರೆ ಅಡ್ವಾಣಿಯವರು ಮುಂದೆ ಎದುರಿಸಿದ ಕವಲುದಾರಿ ಅಲ್ಲಿಯೇ ಸಿದ್ಧವಾಯಿತು. 1920ರ ದಶಕದವರೆಗೂ ಅಲ್ಲಿ ಹಣವಿದ್ದದ್ದು, ಗೌರವವಿದ್ದದ್ದು ಬಿಲಿಯರ್ಡ್ಸ್‌ಗೆ. ಆ ಆಟವನ್ನು ಕೊಂದದ್ದು ಆಟಗಾರರ ಅತಿನೈಪುಣ್ಯ. ಆಸ್ಟ್ರೇಲಿಯದ ವಾಲ್ಟರ್ ಲಿಂಡ್ರಮ್ 1932ರಲ್ಲಿ ಲಂಡನ್ನಿನಲ್ಲಿ ಒಂದೇ ಸರದಿಯಲ್ಲಿ 4137 ಅಂಕ ಗಳಿಸಿದ. ಸುಮಾರು ಮೂರು ಗಂಟೆಗಳ ಕಾಲ ಅವನು ಮೂರು ಚೆಂಡುಗಳನ್ನು ಮೇಜಿನ ಅಂಚಿನಲ್ಲಿ ಹಸುಗೂಸುಗಳಂತೆ ಮೆಲ್ಲಗೆ ತಾಗಿಸುತ್ತ ಸಾಗಿದ. ಎದುರಾಳಿ ಕುರ್ಚಿಯಲ್ಲಿ ಕುಳಿತೇ ಇದ್ದ. ಪ್ರೇಕ್ಷಕರು ಎಷ್ಟು ಹೊತ್ತು ಕುಳಿತಾರು? ಆ ನಿಪುಣತೆಗೆ ಕಡಿವಾಣ ಹಾಕಲು ನಿಯಮಗಳನ್ನೇ ತಿದ್ದಬೇಕಾಯಿತು. ಅಂದು ಕುರ್ಚಿಯಲ್ಲಿ ಕುಳಿತಿದ್ದ ಜೋ ಡೇವಿಸ್ ಜಾಣ. ಅವನು ಆ ಹೊತ್ತಿಗಾಗಲೇ ಸ್ನೂಕರನ್ನು ವೃತ್ತಿ ಮಾಡಿಕೊಳ್ಳತೊಡಗಿದ್ದ. 1927ರ ಮೊದಲ ವಿಶ್ವ ಸ್ನೂಕರ್ ಪಂದ್ಯಾವಳಿಯಲ್ಲಿ ಅವನಿಗೆ ದೊರೆತ ಬಹುಮಾನ ಆರೂವರೆ ಪೌಂಡು. 1946ರ ವರೆಗೆ 15 ಬಾರಿ ಆ ಪಟ್ಟ ಅವನದೇ. 1969ರಲ್ಲಿ ಬಿ.ಬಿ.ಸಿ.ಯ ಎರಡನೆಯ ವಾಹಿನಿ ಬಣ್ಣದ ದೂರದರ್ಶನಕ್ಕೆ ತಕ್ಕ ಕಾರ್ಯಕ್ರಮ ಹುಡುಕುತ್ತಿದ್ದಾಗ ಬಣ್ಣಬಣ್ಣದ ಚೆಂಡುಗಳ ಸ್ನೂಕರ್ ಕಣ್ಣಿಗೆ ಬಿತ್ತು. ಆಗ ಆ ವಾಹಿನಿಯನ್ನು ನೋಡಿಕೊಳ್ಳುತ್ತಿದ್ದವರು, ಪ್ರಾಣಿಲೋಕದ ಚಿತ್ರಗಳಿಂದ ನಮಗೆಲ್ಲ ಪರಿಚಿತರಾದ ಡೇವಿಡ್ ಅಟೆನ್‌ಬರೋ. ಅಲ್ಲಿಂದ ಸ್ನೂಕರಿಗೆ ಲಕ್ಷ್ಮೀಕಟಾಕ್ಷ. ಬಿಲಿಯರ್ಡ್ಸ್ ಮಾತ್ರ ತವರಿನಲ್ಲೇ ಅನಾಥವಾಯಿತು.

ಅದನ್ನು ಸಾಕಿಕೊಂಡ ಮನೆಗಳಲ್ಲಿ ಮುಖ್ಯವಾದುದು ಭಾರತ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ವೈಯಕ್ತಿಕ ಕ್ರೀಡೆಯಲ್ಲಿ ಭಾರತದ ಮೊದಲ ವಿಶ್ವ ಚಾಂಪಿಯನ್ ಅವರೇ. ಎಷ್ಟು ಪಠ್ಯಪುಸ್ತಕಗಳಲ್ಲಿ ಅವರ ಹೆಸರಿದೆ? ನಾನು ಪಾಠ ಹೇಳಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಳಿಕ ಮೈಕೆಲ್ ಫರೇರಾ ಬಂದರು. 1981ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಡಹೋದಾಗ, ಕ್ರಿಕೆಟಿಗರಿಗೆ ಪದ್ಮಭೂಷಣ, ವಿಶ್ವ ಚಾಂಪಿಯನ್ನನಿಗೆ ಮಾತ್ರ ಪದ್ಮಶ್ರೀಯೇ ಎಂದು ತಿರಸ್ಕರಿಸಿದರು. 1983ರಲ್ಲಿ ಪದ್ಮಭೂಷಣವನ್ನೇ ಪಡೆದರು. ಇದನ್ನು ಅಹಂಕಾರವೆನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಆಮೇಲೆ ಗೀತ್ ಸೇಠಿ. 1992ರಲ್ಲಿ ಅವರು ವೃತ್ತಿಪರರ ವಿಶ್ವಪಟ್ಟವನ್ನು ಗೆದ್ದದ್ದಲ್ಲದೆ, ಅದೇ ಪಂದ್ಯಾವಳಿಯಲ್ಲಿ ಒಂದೇ ಸರದಿಯಲ್ಲಿ 1276 ಅಂಕ ಗಳಿಸಿದರು. ಹೀಗೆ ಸಾಹೇಬರು ಬಿಟ್ಟುಹೋದ ಆಟದಲ್ಲಿ ಸಾಹೇಬರನ್ನೇ ಮೀರಿಸುವ ಒಂದು ಪರಂಪರೆ ಇಲ್ಲಿ ಬೆಳೆದಿತ್ತು. ಅಡ್ವಾಣಿ ಆಕಾಶದಿಂದ ಉದುರಿದವರಲ್ಲ.

ಪಂಕಜ್ ಅಡ್ವಾಣಿ ಹುಟ್ಟಿದ್ದು 1985ರ ಜುಲೈ 24ರಂದು, ಪುಣೆಯಲ್ಲಿ. ಬಾಲ್ಯದ ಮೊದಲ ವರ್ಷಗಳು ಕುವೈತಿನಲ್ಲಿ. 1990ರ ಕೊಲ್ಲಿ ಬಿಕ್ಕಟ್ಟು ಅಲ್ಲಿನ ಸಾವಿರಾರು ಭಾರತೀಯ ಕುಟುಂಬಗಳನ್ನು ಕಿತ್ತೆಸೆದಂತೆ ಈ ಕುಟುಂಬವನ್ನೂ ಕಿತ್ತಿತು. ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಹುಡುಗನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಅಣ್ಣ ಶ್ರೀ ಅಡ್ವಾಣಿ ಸ್ನೂಕರ್ ಆಡಲು ಹೋಗುತ್ತಿದ್ದ. ಹತ್ತು ವರ್ಷದ ತಮ್ಮ ಹಿಂದೆ ಹಿಂದೆ ಹೋಗಿ ನೋಡುತ್ತಿದ್ದ. ನೋಡುತ್ತ ನೋಡುತ್ತ ಕೋಲು ಹಿಡಿದ. ಇದೇ ಅಣ್ಣ ಮುಂದೆ ಕ್ರೀಡಾ ಮನೋವಿಜ್ಞಾನವನ್ನು ಓದಿ ತಮ್ಮನ ಮನಸ್ಸಿನ ತರಬೇತುದಾರನಾದ ಎಂಬುದು ಗಮನಿಸತಕ್ಕ ಸಂಗತಿ.

ಬೆಂಗಳೂರಿನಲ್ಲಿ ಆಗ ಅರವಿಂದ ಸವೂರ್ ಇದ್ದರು. ಸ್ವತಃ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳಿದ್ದವು. ಒಳ್ಳೆಯ ಗುರು, ಒಳ್ಳೆಯ ಮೇಜು, ನಡೆದು ತಲುಪಬಹುದಾದಷ್ಟು ದೂರ: ಈ ಮೂರು ಒಂದೆಡೆ ಕೂಡುವುದು ನಮ್ಮ ರಾಜ್ಯದಲ್ಲಿ ಇಂದಿಗೂ ಬೆಂಗಳೂರನ್ನು ಬಿಟ್ಟರೆ ವಿರಳ. ಪ್ರತಿಭೆಯನ್ನು ನಾವು ದೈವದತ್ತವೆಂದು ಹೊಗಳುತ್ತೇವೆ. ಅದಕ್ಕೆ ವಿಳಾಸವೂ ಬೇಕು. ನಮ್ಮ ಕಡೆಯ ಎಷ್ಟು ಬೆರಳುಗಳು ಕೇರಂ ಹಲಗೆಯ ಮೇಲೆಯೇ ಸವೆದುಹೋದವೋ!

2003ರಲ್ಲಿ ಚೀನಾದ ಜಿಯಾಂಗ್‌ಮೆನ್ ನಗರದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪಂದ್ಯಾವಳಿ ನಡೆಯಿತು. ಹದಿನೆಂಟರ ಹರೆಯದ ಪಂಕಜ್ ಫೈನಲ್‌ನಲ್ಲಿ ಪಾಕಿಸ್ತಾನದ ಸಾಲೇಹ್ ಮೊಹಮ್ಮದರನ್ನು ಸೋಲಿಸಿದರು. 1984ರಲ್ಲಿ ಡಬ್ಲಿನ್ನಿನಲ್ಲಿ ಓಂ ಅಗರ್ವಾಲ್ ಗೆದ್ದಿದ್ದ ಪಟ್ಟ ಭಾರತಕ್ಕೆ ಮರಳಿತು. ಮರುವರ್ಷವೇ ಅರ್ಜುನ ಪ್ರಶಸ್ತಿ. 2005ರಲ್ಲಿ ಮಾಲ್ಟಾ ದ್ವೀಪದಲ್ಲಿ ವಿಶ್ವ ಬಿಲಿಯರ್ಡ್ಸ್. ಅಲ್ಲಿ ಪಟ್ಟಗಳು ಎರಡು. ಒಂದು, ನಿಗದಿತ ಅಂಕಗಳ ಪುಟ್ಟ ಪುಟ್ಟ ಆಟಗಳದ್ದು. ಇನ್ನೊಂದು, ಗಂಟೆಗಟ್ಟಲೆ ಆಡಿ ಹೆಚ್ಚು ಅಂಕ ಪಡೆದವನು ಗೆಲ್ಲುವಂಥದ್ದು. ಒಂದು ಭಾವಗೀತೆ, ಒಂದು ಮಹಾಕಾವ್ಯ. ಎರಡನ್ನೂ ಒಂದೇ ವರ್ಷ ಗೆದ್ದವರು ಅದಕ್ಕೆ ಮುನ್ನ ಇರಲಿಲ್ಲ. ಪಂಕಜ್ ಗೆದ್ದರು. 2008ರಲ್ಲಿ ಬೆಂಗಳೂರಿನಲ್ಲೇ, ತಮ್ಮವರ ಎದುರಿನಲ್ಲೇ, ಆ ಜೋಡಿಯನ್ನು ಮತ್ತೊಮ್ಮೆ ಗೆದ್ದರು. ಈ ನಡುವೆ 2006ರ ದೋಹಾ ಏಷ್ಯನ್ ಕ್ರೀಡಾಕೂಟದ ಚಿನ್ನ, ಖೇಲ್‌ರತ್ನ; ಮುಂದೆ 2009ರಲ್ಲಿ ಪದ್ಮಶ್ರೀ.

ಅದೇ 2009ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವೃತ್ತಿಪರರ ವಿಶ್ವ ಬಿಲಿಯರ್ಡ್ಸ್ ನಡೆಯಿತು. ಎದುರಿಗೆ ಮೈಕ್ ರಸೆಲ್, ಆ ಪಟ್ಟವನ್ನು ಅನೇಕ ಬಾರಿ ಧರಿಸಿದ ಆಂಗ್ಲ. ಫಲಿತಾಂಶ 2030ಕ್ಕೆ 1253. ಗೀತ್ ಸೇಠಿಯವರ ತರುವಾಯ ಆ ಪಟ್ಟಕ್ಕೇರಿದ ಭಾರತೀಯ ಈ ಇಪ್ಪತ್ನಾಲ್ಕರ ಯುವಕ.

ಇಷ್ಟಾದ ಮೇಲೂ ಒಂದು ಮಾತು ಅವರ ಬೆನ್ನು ಬಿಟ್ಟಿರಲಿಲ್ಲ. 'ಬಿಲಿಯರ್ಡ್ಸ್ ಸರಿ, ಅದನ್ನು ಆಡುವವರು ಎಷ್ಟು ಜನ? ಸ್ನೂಕರಿನ ವೃತ್ತಿಪರರೊಡನೆ ಆಡಿ ತೋರಿಸಲಿ' ಎಂಬ ಮಾತು. ಈ ಮಾತಿನಲ್ಲಿ ಅಸೂಯೆಯ ಜೊತೆಗೆ ಸ್ವಲ್ಪ ಸತ್ಯವೂ ಇತ್ತೆಂದು ಒಪ್ಪಬೇಕು. ವೃತ್ತಿಪರ ಸ್ನೂಕರಿನ ಪಂದ್ಯಸರಣಿ ಬ್ರಿಟನ್ನಿನ ಸುತ್ತ ತಿರುಗುತ್ತದೆ. 1977ರಿಂದ ವಿಶ್ವಪಟ್ಟದ ಅಂತಿಮ ಘಟ್ಟ ನಡೆಯುವುದು ಶೆಫೀಲ್ಡ್ ನಗರದ ಕ್ರೂಸಿಬಲ್ ನಾಟಕಶಾಲೆಯಲ್ಲಿ. 2013ರಲ್ಲಿ ಅಲ್ಲಿ ಗೆದ್ದವನಿಗೆ ದೊರೆತದ್ದು ಎರಡೂವರೆ ಲಕ್ಷ ಪೌಂಡು. ಬಿಲಿಯರ್ಡ್ಸ್ ಚಾಂಪಿಯನ್ನನಿಗೆ ಕನಸಿನಲ್ಲೂ ಬಾರದ ಮೊತ್ತ. 2012-13ರ ಸಾಲಿನಲ್ಲಿ ಅಡ್ವಾಣಿಯವರಿಗೆ ಆ ಸರಣಿಯಲ್ಲಿ ಸ್ಥಾನ ದೊರೆಯಿತು. ಅವರು ಹೋದರು.

ಹೋದವರು ಸೋತು ಬಂದರೆಂಬ ಕಥೆ ಕೆಲವರ ಬಾಯಲ್ಲಿದೆ. ದಾಖಲೆಗಳು ಹಾಗೆ ಹೇಳುವುದಿಲ್ಲ. 2012ರ ಅಕ್ಟೋಬರಿನಲ್ಲಿ, ಸ್ನೂಕರ್ ಸರಣಿಯ ನಡುವೆಯೇ ಬಿಡುವು ಮಾಡಿಕೊಂಡು ಲೀಡ್ಸ್‌ಗೆ ಹೋಗಿ ಅದೇ ರಸೆಲರನ್ನು ಮತ್ತೆ ಸೋಲಿಸಿ ಬಿಲಿಯರ್ಡ್ಸ್ ಪಟ್ಟ ತಂದರು. 2013ರ ಫೆಬ್ರವರಿಯಲ್ಲಿ ವೇಲ್ಸ್ ದೇಶದ ಪಂದ್ಯಾವಳಿಯಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಶ್ರೇಯಾಂಕದ ಸ್ನೂಕರ್ ಪಂದ್ಯಾವಳಿಯಲ್ಲಿ ಭಾರತೀಯನೊಬ್ಬ ಆ ಘಟ್ಟ ಮುಟ್ಟಿದ್ದು ಅದೇ ಮೊದಲು. ಅದೇ ವರ್ಷ ದಿಲ್ಲಿಯಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲಿಯೂ ಕ್ವಾರ್ಟರ್ ಫೈನಲ್. ಅಲ್ಲಿ ಅವರನ್ನು ತಡೆದವರು ಇನ್ನೊಬ್ಬ ಭಾರತೀಯ, ಮುಂಬಯಿಯ ಆದಿತ್ಯ ಮೆಹ್ತಾ. ಎರಡನೆಯ ಸಾಲಿನವರೆಗೆ ಆಡಿ, 2014ರಲ್ಲಿ ಅಡ್ವಾಣಿಯವರು ತಮ್ಮ ಸ್ಥಾನವನ್ನು ತಾವಾಗಿಯೇ ಬಿಟ್ಟು ಬೆಂಗಳೂರಿಗೆ ಮರಳಿದರು. ಮನೆಯವರೊಡನೆ ಇರಬೇಕು, ಎರಡೂ ಆಟಗಳನ್ನು ಆಡಬೇಕು ಎಂಬುದು ಅವರ ನಿಲುವಾಗಿತ್ತು.

ಈ ಒಂದು ನಿರ್ಧಾರವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಆ ಸರಣಿಯ ಲೆಕ್ಕಾಚಾರವನ್ನು ನೋಡಿರಿ. 2013-14ರಿಂದ 128 ಜನ ಆಟಗಾರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಮೊದಲ ಸುತ್ತಿನಲ್ಲಿ ಸೋತವನಿಗೆ ಬಿಡಿಗಾಸೂ ಇಲ್ಲವೆಂಬ ಪದ್ಧತಿ ಬಂತು. ಪ್ರಯಾಣ, ವಸತಿ, ಊಟ ಎಲ್ಲ ಆಟಗಾರನದೇ. ಶೆಫೀಲ್ಡಿನ ಪಕ್ಕದ ಹಳ್ಳಿಯವನು ಸೋತರೆ ಬಸ್ಸು ಹಿಡಿದು ಮನೆಗೆ ಹೋಗುತ್ತಾನೆ. ಬೆಂಗಳೂರಿನವನು ಸೋತರೆ ಒಂದು ಬಾಡಿಗೆ ಕೋಣೆಗೆ ಹೋಗುತ್ತಾನೆ. ಇಬ್ಬರಿಗೂ ಮೇಜು ಒಂದೇ ಅಳತೆಯದು. ಸೋಲಿನ ಬೆಲೆ ಬೇರೆ ಬೇರೆ. ಬೆಂಗಳೂರಿನವರೇ ಆದ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಡೆನ್ಮಾರ್ಕಿಗೆ ಹೋಗಿ ನೆಲೆಸಿದ್ದರಲ್ಲ, ಆ ಕಾಲಕ್ಕೆ ಆಟವನ್ನೇ ಉಸಿರಾಡಬೇಕಾದರೆ ಊರು ಬಿಡುವುದೊಂದೇ ದಾರಿಯಾಗಿತ್ತು. ಅಡ್ವಾಣಿಯವರಿಗೆ ಮರಳುವ ಇನ್ನೊಂದು ದಾರಿಯಿತ್ತು. ಆ ದಾರಿಯನ್ನು ಯಾರು ಹಾಕಿದ್ದರು ಎಂಬುದೇ ನನ್ನ ಶಿಷ್ಯನ ಪ್ರಶ್ನೆಗೆ ಸಂಬಂಧಿಸಿದ್ದು.

ಇಲ್ಲಿ ಇನ್ನೊಬ್ಬ ಆಟಗಾರನನ್ನು ನೆನೆಯಬೇಕು. ಇಂಗ್ಲೆಂಡಿನ ಹೋಟೆಲುಗಳ ಗೋಡೆಗೆ ತೂಗುಹಾಕಿದ ದುಂಡು ಹಲಗೆಗೆ ಪುಟ್ಟ ಬಾಣ ಎಸೆಯುವ ಆಟವೊಂದಿದೆ, ಡಾರ್ಟ್ಸ್. ಅದರಲ್ಲಿ 16 ಬಾರಿ ವಿಶ್ವ ಚಾಂಪಿಯನ್ ಆದವನ ಹೆಸರು ಫಿಲಿಪ್ ಟೇಲರ್. ನಗಬೇಡಿರಿ. ಸುರಪುರದಲ್ಲಿ ಫಿಲಿಪ್ ಟೇಲರ್ ಎಂದರೆ ಗುಡ್ಡದ ಮೇಲಿನ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬರೇ ಎಂದು ನನಗೂ ಗೊತ್ತು. ಇವನು ಫಿಲಿಪ್ ಡಗ್ಲಾಸ್ ಟೇಲರ್, 1960ರಲ್ಲಿ ಸ್ಟೋಕ್ ಎಂಬ ಕುಂಬಾರಿಕೆಯ ಊರಿನಲ್ಲಿ ಹುಟ್ಟಿದವನು. ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಶೌಚಾಲಯದ ಸರಪಳಿಗೆ ಹಿಡಿಕೆ ತಯಾರಿಸುತ್ತಿದ್ದ. ಅಂದಿನ ಚಾಂಪಿಯನ್ ಎರಿಕ್ ಬ್ರಿಸ್ಟೋ ಅವನ ಕೈಗುಣವನ್ನು ಕಂಡು, ಕೆಲಸ ಬಿಟ್ಟು ಅಭ್ಯಾಸಕ್ಕೆ ತೊಡಗಲೆಂದು ಹತ್ತು ಸಾವಿರ ಪೌಂಡು ಸಾಲ ಕೊಟ್ಟ. 1990ರ ವಿಶ್ವ ಫೈನಲ್‌ನಲ್ಲಿ ಸಾಲಗಾರ ತನ್ನ ಸಾಹುಕಾರನನ್ನೇ 6-1ರಿಂದ ಸೋಲಿಸಿದ! ಮುಂದೆ ಟೇಲರ್ ಕೋಟ್ಯಧಿಪತಿಯಾದ; 2018ರ ಜನವರಿ ಒಂದರಂದು ಕೊನೆಯ ಫೈನಲ್ ಸೋತು ನಿವೃತ್ತನಾದ. ಅವನ ಕೋಟಿಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಮುಖ್ಯವೆನಿಸುವುದು ಆ ಹತ್ತು ಸಾವಿರ. ಬಹುಮಾನ ಬರುವುದು ಗೆದ್ದ ಮೇಲೆ. ಗೆಲ್ಲುವ ತನಕ ಉಣ್ಣುವುದೇನು?

ಅಡ್ವಾಣಿಯವರ ಪಾಲಿಗೆ ಆ ಹತ್ತು ಸಾವಿರದ ಸ್ಥಾನದಲ್ಲಿ ನಿಂತದ್ದು ಒ.ಎನ್.ಜಿ.ಸಿ., ನೆಲದಡಿಯ ತೈಲ ತೆಗೆಯುವ ಸರ್ಕಾರಿ ಸಂಸ್ಥೆ. ಅವರು ಅದರ ನೌಕರರು. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟವಿದು. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದುಕೊಟ್ಟದ್ದು ಇದೇ ಬಿಲಿಯರ್ಡ್ಸ್, ತಂದವರು ಇದೇ ಅಡ್ವಾಣಿ. ಮುಂದಿನ ಕೂಟದಿಂದ ಈ ಆಟಗಳನ್ನೇ ಕೈಬಿಟ್ಟರು. ಪದಕವೇ ಇಲ್ಲದ ಕಡೆ ಪ್ರಾಯೋಜಕರು ಬರುವುದಿಲ್ಲ. ತಿಂಗಳ ಸಂಬಳ ಮಾತ್ರ ಬರುತ್ತದೆ. ಸರ್ಕಾರಿ ಸಂಬಳವನ್ನು ಹಗುರಾಗಿ ಮಾತಾಡುವುದು ಈಗಿನ ಚಾಳಿ. ಈ ದೇಶದ ಎಷ್ಟೋ ವಿಶ್ವ ಚಾಂಪಿಯನ್ನರನ್ನು ಸಾಕಿದ್ದು ರೈಲ್ವೆ, ಬ್ಯಾಂಕು, ಪೊಲೀಸು, ತೈಲ ಕಂಪನಿಗಳ ಹಾಜರಿ ಪುಸ್ತಕಗಳು. ಇಂಗ್ಲೆಂಡಿನ ಅರ್ಥದಲ್ಲಿ ಅಡ್ವಾಣಿಯವರು 'ವೃತ್ತಿಪರ'ರಾಗಿದ್ದದ್ದು ಎರಡೇ ಸಾಲು. ನಮ್ಮ ಅರ್ಥದಲ್ಲಿ ಅವರು ಎರಡು ದಶಕಕ್ಕೂ ಮಿಕ್ಕಿ ವೃತ್ತಿಪರರು. ನಾನು ಎರಡನೆಯ ಅರ್ಥವನ್ನೇ ಹಿಡಿಯುತ್ತೇನೆ.

ಇದೇ ಬೆಂಗಳೂರಿನ ಆರ್. ಉಮಾದೇವಿಯವರ ಕಥೆ ಇನ್ನೂ ಸೋಜಿಗದ್ದು. ತೋಟಗಾರಿಕೆ ಇಲಾಖೆಯಲ್ಲಿ ಬೆರಳಚ್ಚುಗಾರ್ತಿ. ಕೋಲು ಹಿಡಿದದ್ದು ಮೂವತ್ತರ ಆಸುಪಾಸಿನಲ್ಲಿ, ನೌಕರರ ಕ್ಲಬ್ಬಿನಲ್ಲಿ. ಟೈಪ್‌ರೈಟರಿನ ಮೇಲೆ ಹಗಲು, ಹಸಿರು ಮೇಜಿನ ಮೇಲೆ ಸಂಜೆ. 2012ರಲ್ಲಿ ಅವರು ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪಟ್ಟವನ್ನು ಗೆದ್ದರು. ನೌಕರಿ ಬಿಟ್ಟು ಆಟ ಹಿಡಿಯಬೇಕೆಂದು ವಾದಿಸುವ ಹುಡುಗರು ಇವರ ಹೆಸರನ್ನು ಬರೆದಿಟ್ಟುಕೊಳ್ಳಲಿ. ನೌಕರಿಗಾಗಿ ಆಟ ಬಿಡಿಸಬೇಕೆಂದು ವಾದಿಸುವ ತಂದೆಯರೂ ಬರೆದಿಟ್ಟುಕೊಳ್ಳಲಿ.

ಕಲಬುರಗಿಯ ಶಿಷ್ಯನಿಗೆ ನಾನು ಹೇಳುವುದು ಇಷ್ಟು: ಆಟ ಬಿಡಿಸಬೇಡ. ಆದರೆ ಸಂಜೆ ಒಂದು ದಿನ ನೀನೇ ಆ ಜಾಗಕ್ಕೆ ಹೋಗಿ ಕುಳಿತು ನೋಡು. ಮಗ ಒಬ್ಬನೇ ಒಂದೇ ಹೊಡೆತವನ್ನು ನೂರು ಸಲ ಅಭ್ಯಾಸ ಮಾಡುತ್ತಾನೋ, ಅಥವಾ ಗೆಳೆಯರೊಡನೆ ಚಹಾದ ಪಂದ್ಯ ಕಟ್ಟಿ ಹೊತ್ತು ಕಳೆಯುತ್ತಾನೋ ಗಮನಿಸು. ಮೊದಲನೆಯದಾದರೆ ಬೆಂಗಳೂರಿನ ಸಂಸ್ಥೆಯನ್ನು ಸಂಪರ್ಕಿಸು, ವಯೋಮಿತಿಯ ರಾಜ್ಯ ಪಂದ್ಯಾವಳಿಯಲ್ಲಿ ಆಡಿಸು. ಅಲ್ಲಿ ಸೋತರೂ ಸರಿ, ಅವನು ಎಲ್ಲಿ ನಿಂತಿದ್ದಾನೆಂದು ಇಬ್ಬರಿಗೂ ತಿಳಿಯುತ್ತದೆ. ಎರಡನೆಯದಾದರೂ ಮಹಾಪರಾಧವೇನಲ್ಲ, ನಾವೂ ಗೋಪಾಲಸ್ವಾಮಿ ಗುಡಿಯ ಕಟ್ಟೆಯ ಮೇಲೆ ಹೊತ್ತು ಕಳೆದವರೇ. ಪದವಿಯನ್ನಂತೂ ಮುಗಿಸಲೇಬೇಕು. ಅಡ್ವಾಣಿಯವರೂ ವಿಶ್ವಪಟ್ಟ ಗೆದ್ದ ಮೇಲೂ ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ವಾಣಿಜ್ಯ ಪದವಿ ಓದಿದವರು.

ಇನ್ನು, ಮರಳಿ ಬಂದ ಮೇಲಿನ ಕಥೆ. ತಮಾಷೆಯೆಂದರೆ, ಹೊರಗಿನ ಲೆಕ್ಕದಲ್ಲಿ ವೃತ್ತಿ ಬಿಟ್ಟವರ ಅತ್ಯಂತ ಫಲವತ್ತಾದ ವರ್ಷಗಳು ಆಮೇಲೆಯೇ ಬಂದವು. 2014ರಲ್ಲಿ ಈಜಿಪ್ಟಿನಲ್ಲಿ, ಹದಿನೈದರ ಬದಲಿಗೆ ಆರೇ ಕೆಂಪು ಚೆಂಡುಗಳ ಸ್ನೂಕರಿನ ವಿಶ್ವಪಟ್ಟ. ಅದೇ ವರ್ಷ ಲೀಡ್ಸ್‌ನಲ್ಲಿ ಬಿಲಿಯರ್ಡ್ಸಿನ ಜೋಡಿ ಪಟ್ಟ, ಮೂರನೆಯ ಬಾರಿ. ಸ್ನೂಕರಿನ ಹಾಗೂ ಬಿಲಿಯರ್ಡ್ಸಿನ ಗಿಡ್ಡ ಮತ್ತು ದೀರ್ಘ ರೂಪಗಳೆಲ್ಲದರಲ್ಲೂ ವಿಶ್ವಪಟ್ಟ ಪಡೆದ ಮೊದಲಿಗರು ಅವರೇ. 2015ರಲ್ಲಿ ಕರಾಚಿಗೆ ಹೋಗಿ ಆರು ಕೆಂಪಿನ ಪಟ್ಟವನ್ನು ಉಳಿಸಿಕೊಂಡು ಬಂದರು.

ಎರಡು ಆಟಗಳನ್ನು ಒಟ್ಟಿಗೆ ಸಾಗಿಸುವುದು ಏಕೆ ಕಷ್ಟವೆಂದು ಸ್ವಲ್ಪ ವಿವರಿಸಬೇಕು. ಬಿಲಿಯರ್ಡ್ಸ್‌ನಲ್ಲಿ ಚೆಂಡುಗಳನ್ನು ಒಂದರ ಬಳಿ ಒಂದಿರಿಸಿಕೊಂಡು ಮೃದುವಾಗಿ, ಸುತ್ತು ಕೊಟ್ಟು ಆಡಬೇಕು. ಕೋಲು ಹೆಚ್ಚಾಗಿ ಮೆಲ್ಲಗೆ ನೂಕುತ್ತದೆ. ಸ್ನೂಕರಿನಲ್ಲಿ ದೂರದ ಚೆಂಡನ್ನು ನೇರವಾಗಿ, ಗಟ್ಟಿಯಾಗಿ ಕಿಸೆಗೆ ಕಳಿಸಬೇಕು; ಕೂದಲೆಳೆಯಷ್ಟು ಸುತ್ತು ಅರಿವಿಲ್ಲದೆ ಬಿದ್ದರೂ ಚೆಂಡು ತಪ್ಪುತ್ತದೆ. ಒಂದರ ಅಭ್ಯಾಸ ಇನ್ನೊಂದರ ದೋಷ. ನಮ್ಮ ಕಾಲದಲ್ಲಿ ಮೋಡಿ ಅಕ್ಷರ ರೂಢಿಯಿದ್ದ ಶಾನುಭೋಗರ ಕೈ ದುಂಡಗಿನ ಕನ್ನಡ ಬರೆಯಲು ಪಡುತ್ತಿದ್ದ ಪಾಡನ್ನು ನೆನೆಯಿರಿ. ಅದಕ್ಕಾಗಿಯೇ ಬಹುತೇಕ ಆಟಗಾರರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾರೆ. 2017ರ ನವೆಂಬರಿನಲ್ಲಿ ಅಡ್ವಾಣಿಯವರು ದೋಹಾದಲ್ಲಿ ಬಿಲಿಯರ್ಡ್ಸ್ ವಿಶ್ವಪಟ್ಟ ಗೆದ್ದು, ಊರಿಗೂ ಬಾರದೆ, ಅಲ್ಲಿಯೇ ಅದೇ ತಿಂಗಳು ಸ್ನೂಕರಿಗೆ ಕೈ ತಿರುಗಿಸಿ, ಇರಾನಿನ ಆಮಿರ್ ಸರ್ಖೋಷರನ್ನು 8-2ರಿಂದ ಸೋಲಿಸಿ ಸ್ನೂಕರಿನ ವಿಶ್ವಪಟ್ಟವನ್ನೂ ಗೆದ್ದರು. ನನ್ನನ್ನು ಕೇಳಿದರೆ ಅವರ 28 ಪಟ್ಟಗಳಲ್ಲಿ ತೂಕದ್ದು ಈ ಜೋಡಿಯೇ. 2018ರಲ್ಲಿ ಪದ್ಮಭೂಷಣ ಬಂತು. ಫರೇರಾ ಅವರು ಜಗಳವಾಡಿ ಪಡೆದದ್ದನ್ನು ಇವರು ಜಗಳವಿಲ್ಲದೆ ಪಡೆದರು.

2018ರಲ್ಲಿ ಯಾಂಗೂನಿನಲ್ಲಿ ಜೋಡಿ ಪಟ್ಟ ಮತ್ತೆ. 2019ರಲ್ಲಿ ಮಂಡಾಲೆಯಲ್ಲಿ, ಲೋಕಮಾನ್ಯ ತಿಲಕರು ಸೆರೆವಾಸ ಅನುಭವಿಸಿದ ಊರಿನಲ್ಲಿ, ಆತಿಥೇಯ ದೇಶದ ನೇ ಥ್ವೇ ಊ ಎಂಬ ಆಟಗಾರನನ್ನು 6-2ರಿಂದ ಸೋಲಿಸಿ 22ನೆಯದು. ಕೊರೊನಾ ಎಲ್ಲರ ಮೇಜುಗಳನ್ನೂ ಮುಚ್ಚಿಸಿತು. ತೆರೆದ ಮೇಲೆ 2021ರಲ್ಲಿ ದೋಹಾದಲ್ಲಿ ಒಂದು, 2022ರಲ್ಲಿ ಕೌಲಾಲಂಪುರದಲ್ಲಿ ಒಂದು. ಕೌಲಾಲಂಪುರದ ಫೈನಲ್‌ನಲ್ಲಿ ಎದುರಾದವರು ಕೋಲ್ಕತ್ತೆಯ ಸೌರವ್ ಕೊಠಾರಿ, ಫಲಿತಾಂಶ 4-0. 2023ರಲ್ಲಿ ದೋಹಾದಲ್ಲಿ ದೀರ್ಘ ರೂಪದ ಫೈನಲ್. ಮತ್ತೆ ಅದೇ ಕೊಠಾರಿ, 1000ಕ್ಕೆ 416. 2024ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್ ಎದುರು 4-2ರ ಜಯ, 28ನೆಯ ಪಟ್ಟ.

2025ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕಾರ್ಲೋ ಎಂಬ ಊರಿನಲ್ಲಿ ವಿಶ್ವ ಬಿಲಿಯರ್ಡ್ಸಿನ ಫೈನಲ್‌ಗೆ ಮೇಜಿನ ಎರಡು ಬದಿಯಲ್ಲಿ ನಿಂತವರು ಮತ್ತೆ ಅಡ್ವಾಣಿ ಮತ್ತು ಕೊಠಾರಿ. ಬೆಂಗಳೂರು ಮತ್ತು ಕೋಲ್ಕತ್ತೆಯವರಿಬ್ಬರು, ಐರ್ಲೆಂಡಿನ ಚಳಿಯಲ್ಲಿ, ಇಂಗ್ಲಿಷರು ಕೈಬಿಟ್ಟ ಆಟದ ವಿಶ್ವಪಟ್ಟಕ್ಕಾಗಿ. ಈ ಸಲ ಗೆದ್ದವರು ಕೊಠಾರಿ. ಅವರ ತಂದೆ ಮನೋಜ್ ಕೊಠಾರಿಯವರೂ 1990ರಲ್ಲಿ ಇದೇ ಪಟ್ಟವನ್ನು ಗೆದ್ದವರು.